ಎಐ ಕಾಲದಲ್ಲಿ ದೇಶ ದೇಶಗಳ ಸೈಬರ್ ಸಂಘರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದಾಗಲೆಲ್ಲ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಉದ್ದನೆಯ ಉತ್ತರ ಬೇಕು, ಕೆಲವಕ್ಕೆ ಎರಡು ಮಾತು ಸಾಕು. ಸಾಧ್ಯವಾದರೆ ಮೊದಲಿನಿಂದ ಓದಿ. ಎರಡನೇ ಪ್ರಶ್ನೆಯಲ್ಲಿ ಹೇಳಿರುವ ಘಟನೆ ಮುಂದೆಯೂ ಬರುತ್ತದೆ.

ಸೈಬರ್ ಸಂಘರ್ಷ ಅಂದರೆ ಮಾಮೂಲಿ ಹ್ಯಾಕಿಂಗ್ ತಾನೇ? ಬೇರೆ ಹೆಸರು ಯಾಕೆ?

ನುಗ್ಗುವ ದಾರಿ ಒಂದೇ, ಉದ್ದೇಶ ಬೇರೆ. ಕಳ್ಳನಿಗೆ ದುಡ್ಡು ಬೇಕು. ದೇಶಕ್ಕೆ ಬೇಕಾದದ್ದು ಇನ್ನೊಂದು ದೇಶದ ಗುಟ್ಟು, ಇಲ್ಲವೇ ಬೇಕಾದಾಗ ಅದರ ಕೈಕಾಲು ಕಟ್ಟುವ ಶಕ್ತಿ.

ಮೊದಲನೆಯದು ಗೂಢಚಾರಿಕೆ. 2020ರಲ್ಲಿ ಹೊರಬಿದ್ದ ಸೋಲಾರ್‌ವಿಂಡ್ಸ್ ಪ್ರಕರಣ ಇಂಥದ್ದು. ಒಂದು ಸಾಫ್ಟ್‌ವೇರಿನ ಅಪ್‌ಡೇಟ್ ಒಳಗೇ ಕಳ್ಳಬಾಗಿಲು ಇಟ್ಟಿದ್ದರು, ಸುಮಾರು 18,000 ಗ್ರಾಹಕರು ಅದನ್ನು ನಂಬಿ ಹಾಕಿಕೊಂಡರು. ಅಮೆರಿಕ ಇದನ್ನು ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಕೆಲಸ ಎಂದಿತು. ಎರಡನೆಯದು ಹಾಳುಗೆಡವುವುದು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಮಾಲ್‌ವೇರ್ (ಹಾನಿ ಮಾಡಲೆಂದೇ ಬರೆದ ಸಾಫ್ಟ್‌ವೇರ್) ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳ ವೇಗ ಕೆಡಿಸಿ ಅವನ್ನು ಮುರಿಯಿತು.

ಮೂರನೆಯದೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು. ಏನೂ ಕದಿಯದೆ, ಏನೂ ಮುರಿಯದೆ, ಮೊದಲೇ ಒಳಗೆ ಹೋಗಿ ಸುಮ್ನೆ ಕಾದು ಕೂರುವುದು. ವೋಲ್ಟ್ ಟೈಫೂನ್ ಎಂಬ ಚೀನಾದ ಗುಂಪು ಅಮೆರಿಕದ ವಿದ್ಯುತ್, ನೀರು, ಸಂಪರ್ಕ, ಸಾರಿಗೆ ಜಾಲಗಳಲ್ಲಿ ಹೀಗೆ ಕೂತಿತ್ತು ಎಂದು ಅಲ್ಲಿನ ಸರ್ಕಾರಿ ಸಂಸ್ಥೆಗಳು 2024ರ ಫೆಬ್ರವರಿಯಲ್ಲಿ ಹೇಳಿದವು. ಕೆಲವು ಕಡೆ ಕನಿಷ್ಠ 5 ವರ್ಷದಿಂದ ಇತ್ತಂತೆ. ಚೀನಾ ಇದನ್ನು ಒಪ್ಪಿಲ್ಲ.

ಜನರ ಬದುಕಿಗೆ ನೇರವಾಗಿ ತಟ್ಟಿದ ದಾಳಿ ಯಾವುದಾದರೂ ಆಗಿದೆಯಾ?

ಆಗಿದೆ. 2015ರ ಡಿಸೆಂಬರ್ 23, ಪಶ್ಚಿಮ ಉಕ್ರೇನಿನ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿ. ಮಧ್ಯಾಹ್ನ ಕಳೆದಿತ್ತು, ಪಾಳಿ ಮುಗಿಯುವ ಹೊತ್ತು. ಆಪರೇಟರ್ ನೋಡುತ್ತಿದ್ದ ಹಾಗೆಯೇ ಪರದೆಯ ಮೇಲಿನ ಮೌಸ್ ಬಾಣ ತಾನಾಗಿ ಓಡಾಡತೊಡಗಿತು. ಒಂದು ಸಬ್‌ಸ್ಟೇಷನ್ನಿನ ಬ್ರೇಕರ್, ಅಂದರೆ ಕರೆಂಟ್ ಕಡಿಯುವ ದೊಡ್ಡ ಸ್ವಿಚ್, ಅದರ ಹತ್ತಿರ ಹೋಗಿ ಅದನ್ನು ಆಫ್ ಮಾಡಿತು. ಖಚಿತವೇ ಎಂದು ಕಂಪ್ಯೂಟರ್ ಕೇಳಿದಾಗ ಹೌದು ಎಂದೂ ಒತ್ತಿತು. ಆಪರೇಟರ್ ಮೌಸ್ ಹಿಡಿದು ಎಳೆದಾಡಿದರು. ಬಾಣ ಅವರ ಮಾತು ಕೇಳಲಿಲ್ಲ. ಅಷ್ಟರಲ್ಲಿ ಅವರನ್ನೇ ಲಾಗೌಟ್ ಮಾಡಲಾಯಿತು. ಮತ್ತೆ ಒಳಗೆ ಹೋಗೋಣ ಅಂದರೆ ಪಾಸ್‌ವರ್ಡ್ ಬದಲಾಗಿತ್ತು.

ಅವತ್ತು ಮೂರು ಕಂಪನಿಗಳ ಮೇಲೆ ಒಟ್ಟಿಗೇ ದಾಳಿಯಾಯಿತು. ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ಹೋಯಿತು. ಜನ ದೂರು ಹೇಳಲು ಫೋನ್ ಮಾಡಿದರೆ ಲೈನ್ ಸಿಗಲಿಲ್ಲ, ಸುಳ್ಳು ಕರೆಗಳನ್ನು ಸುರಿದು ಅದನ್ನೂ ಕಟ್ಟಿಹಾಕಿದ್ದರು. ನಿಯಂತ್ರಣ ಕೊಠಡಿಯ ಬ್ಯಾಕಪ್ ವಿದ್ಯುತ್ತನ್ನೂ ಬಿಟ್ಟಿರಲಿಲ್ಲ. ಚಳಿಗಾಲದಲ್ಲಿ, ಕತ್ತಲಾಗುವ ಹೊತ್ತಿಗೆ.

ಆದರೂ ಆರು ಗಂಟೆಯೊಳಗೆ ಎಲ್ಲ ಕಡೆ ಕರೆಂಟ್ ಬಂತು. ಹೇಗೆ? ಕೆಲಸಗಾರರು ಗಾಡಿ ಹತ್ತಿ ಒಂದೊಂದೇ ಸಬ್‌ಸ್ಟೇಷನ್ನಿಗೆ ಹೋಗಿ, ಬ್ರೇಕರುಗಳನ್ನು ಕೈಯಿಂದಲೇ ಆನ್ ಮಾಡಿದರು.

ಈ ದಾಳಿಯಲ್ಲಿ ಎಐ ಒಂದು ಚೂರೂ ಇರಲಿಲ್ಲ. ಹಲವು ತಿಂಗಳ ಮುಂಚೆ ನೌಕರರಿಗೆ ಒಂದು ವರ್ಡ್ ಫೈಲ್ ಕಳಿಸಿದ್ದರು. ಅದರಲ್ಲಿನ ಒಂದು ಬಟನ್ ಒತ್ತಿದವರ ಕಂಪ್ಯೂಟರಿಗೆ ಮಾಲ್‌ವೇರ್ ಹೊಕ್ಕಿತು. ಆಮೇಲೆ ಮನುಷ್ಯರೇ ಕೂತು ತಿಂಗಳುಗಟ್ಟಲೆ ಆ ಜಾಲವನ್ನು ಓದಿಕೊಂಡರು. ಮೂರು ಕಂಪನಿಗಳ ವ್ಯವಸ್ಥೆ ಮೂರು ಥರ, ಪ್ರತಿಯೊಂದನ್ನೂ ಬೇರೆ ಬೇರೆ ಕಲಿಯಬೇಕಿತ್ತು. ಈ ತಿಂಗಳುಗಳ ಲೆಕ್ಕ ನೆನಪಿಟ್ಟುಕೊಳ್ಳಿ.

ಹಾಗಾದರೆ ಎಐ ಬಂದು ಬದಲಾಯಿಸುವುದು ಏನನ್ನು?

ಆ ತಿಂಗಳುಗಳನ್ನು. ನುಗ್ಗುವುದು, ಹುಡುಕುವುದು, ಅಡಗುವುದು, ಇವೆಲ್ಲ ಹಳೆಯ ಕೆಲಸಗಳೇ. ಎಐ ಇವನ್ನು ಬೇಗ ಮಾಡುತ್ತದೆ, ಕಡಿಮೆ ಜನರಿಂದ ಮಾಡಿಸುತ್ತದೆ, ಒಟ್ಟೊಟ್ಟಿಗೆ ನೂರು ಕಡೆ ಮಾಡಬಲ್ಲದು. ಹೊಸ ಅಸ್ತ್ರ ಬಂತು ಅನ್ನುವುದಕ್ಕಿಂತ ಆಳು ಅಗ್ಗವಾಯಿತು ಅನ್ನುವುದೇ ಸರಿ.

ಭಾಷೆಯನ್ನೇ ತೆಗೆದುಕೊಳ್ಳಿ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಬಿತ್ತು. ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ ಸುಮಾರು 100 ಕೋಟಿ ಡಾಲರ್ ಎತ್ತುವ ಪ್ರಯತ್ನ ಅದು. ಅಮೆರಿಕ ಇದನ್ನು ಉತ್ತರ ಕೊರಿಯಾದ ಹ್ಯಾಕರುಗಳ ಕೆಲಸ ಎಂದು ಆರೋಪಿಸಿದೆ. 8.1 ಕೋಟಿ ಡಾಲರ್ ಹೋಯಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಉಳಿಯಿತು. ಉಳಿಸಿದ್ದು ಒಂದು ಕಾಗುಣಿತದ ತಪ್ಪು. ಹಣ ಪಡೆಯುವ ಸಂಸ್ಥೆಯ ಹೆಸರಿನಲ್ಲಿ ‘ಫೌಂಡೇಶನ್’ ಅಂತ ಇರಬೇಕಾದಲ್ಲಿ ‘ಫ್ಯಾಂಡೇಶನ್’ ಎಂದು ಬರೆದಿದ್ದರು. ನಡುವಿನ ಬ್ಯಾಂಕಿನವರಿಗೆ ಅನುಮಾನ ಬಂತು, ಇದೇನು ಅಂತ ಕೇಳಿದರು.

ಇವತ್ತು ಆ ತಪ್ಪು ಆಗುವುದೇ ಇಲ್ಲ, ಅಲ್ವಾ? ಯಾವ ಭಾಷೆಯಲ್ಲಿ ಬೇಕಾದರೂ ಎಐ ಅಚ್ಚುಕಟ್ಟಾಗಿ ಪತ್ರ ಬರೆದುಕೊಡುತ್ತದೆ. ಹರಕು ಮುರುಕು ಭಾಷೆ ನೋಡಿ ಮೋಸ ಕಂಡುಹಿಡಿಯುತ್ತಿದ್ದ ಕಾಲ ಮುಗಿಯಿತು. ಸಣ್ಣ ಭಾಷೆಗಳಿಗೆ ಇದು ಇನ್ನೂ ದೊಡ್ಡ ಪೆಟ್ಟು. ಅವುಗಳನ್ನು ಬಲ್ಲ ಹೊರಗಿನವರು ಕಡಿಮೆ ಎಂಬುದೇ ಅವಕ್ಕೆ ಒಂದು ಬೇಲಿಯಾಗಿತ್ತು.

ದೇಶಗಳು ಈಗಾಗಲೇ ಎಐ ಬಳಸುತ್ತಿವೆಯಾ, ಅಥವಾ ಇದೆಲ್ಲ ಊಹೆಯಾ?

ಬಳಸುತ್ತಿವೆ. 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಮತ್ತು ಓಪನ್‌ಎಐ ಒಂದು ವರದಿ ಕೊಟ್ಟವು. ರಷ್ಯಾ, ಚೀನಾ, ಇರಾನ್, ಉತ್ತರ ಕೊರಿಯಾಗಳ ಜೊತೆ ನಂಟಿರುವ ಗುಂಪುಗಳು ತಮ್ಮ ಎಐ ಸೇವೆ ಬಳಸುತ್ತಿದ್ದದ್ದು ಸಿಕ್ಕಿತು, ಖಾತೆಗಳನ್ನು ಮುಚ್ಚಿದೆವು ಎಂದವು. ಆಗ ಅವರು ಮಾಡಿಸಿಕೊಳ್ಳುತ್ತಿದ್ದದ್ದು ಸಣ್ಣಪುಟ್ಟ ಕೆಲಸ: ಅನುವಾದ, ಕೋಡ್ ತಿದ್ದುವುದು, ಗುರಿಯ ಬಗ್ಗೆ ಓದಿಕೊಳ್ಳುವುದು.

ಎರಡು ವರ್ಷ ತುಂಬುವ ಮೊದಲೇ ಚಿತ್ರ ಬದಲಾಯಿತು. 2025ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಇನ್ನೊಂದು ಘಟನೆ ಹೇಳಿತು. ಅದರ ಪ್ರಕಾರ ಚೀನಾ ಸರ್ಕಾರದ ಬೆಂಬಲವಿದ್ದ ಗುಂಪೊಂದು ಅದರದ್ದೇ ಕ್ಲೋಡ್ ಎಂಬ ಎಐ ಉಪಕರಣವನ್ನು ಬಳಸಿ ಸುಮಾರು 30 ಸಂಸ್ಥೆಗಳಿಗೆ ಗುರಿಯಿಟ್ಟಿತ್ತು. ಕೆಲವೇ ಕಡೆ ಒಳಗೆ ಹೋಗಲು ಆಯಿತು. ನಾವು ರಕ್ಷಣಾ ಪರೀಕ್ಷೆ ನಡೆಸುವ ಕಂಪನಿಯವರು ಎಂದು ಎಐಗೆ ಸುಳ್ಳು ಹೇಳಿ, ಕೆಲಸವನ್ನು ಚೂರುಚೂರು ಮಾಡಿ ಕೊಟ್ಟಿದ್ದರು. 80ರಿಂದ 90 ಶೇಕಡಾ ಕೆಲಸ ಎಐಯೇ ಮಾಡಿತು, ಮನುಷ್ಯರು ಬಂದದ್ದು ಮುಖ್ಯ ನಿರ್ಧಾರಗಳಿಗೆ ಮಾತ್ರ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನೂ ಹೇಳಬೇಕು. ಎಐ ನಡುನಡುವೆ ಇಲ್ಲದ್ದನ್ನು ಇದೆ ಎನ್ನುತ್ತಿತ್ತು. ಪಾಸ್‌ವರ್ಡ್ ಸಿಕ್ಕಿತು ಅನ್ನುತ್ತಿತ್ತು, ಹಾಕಿ ನೋಡಿದರೆ ತೆರೆಯುತ್ತಿರಲಿಲ್ಲ. ಅಂದರೆ ಪೂರ್ತಿ ಸ್ವಂತ ಬಲದಲ್ಲಿ ಓಡುವ ದಾಳಿ ಇನ್ನೂ ಕುಂಟುತ್ತಿದೆ. ಎಷ್ಟು ದಿನ ಕುಂಟುತ್ತದೆ ಎಂಬುದರ ಮೇಲೆ ನಾವು ಭರವಸೆ ಇಟ್ಟು ಕೂರಬಾರದು.

ಸಾಫ್ಟ್‌ವೇರಿನ ದೋಷಗಳನ್ನು ಎಐ ತಾನೇ ಹುಡುಕುತ್ತದೆಯಾ?

ಹೌದು, ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ. 2016ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ನಡೆಸಿತು. ಆಟಗಾರರೆಲ್ಲ ಯಂತ್ರಗಳೇ. ದೋಷ ಹುಡುಕಬೇಕು, ತಮ್ಮದನ್ನು ಮುಚ್ಚಬೇಕು, ಎದುರಾಳಿಯದನ್ನು ಒಡೆಯಬೇಕು. ಮೇಹೆಮ್ ಎಂಬ ವ್ಯವಸ್ಥೆ ಗೆದ್ದಿತು. ಆಮೇಲೆ ಅದೇ ಯಂತ್ರ ಮನುಷ್ಯರ ಸ್ಪರ್ಧೆಗೆ ಹೋಗಿ ಕೊನೆಯ ಸ್ಥಾನ ಪಡೆಯಿತು. ಅದು ಆಗಿನ ಮಾತು. 2024ರ ನವೆಂಬರ್‌ನಲ್ಲಿ ಗೂಗಲ್‌ನ ಬಿಗ್ ಸ್ಲೀಪ್ ಎಂಬ ಎಐ ವ್ಯವಸ್ಥೆ ಎಸ್‌ಕ್ಯೂಲೈಟ್‌ನಲ್ಲಿ ಯಾರಿಗೂ ಗೊತ್ತಿಲ್ಲದ ದೋಷವೊಂದನ್ನು ಹುಡುಕಿದ ಸುದ್ದಿ ಬಂತು. ಮಾಹಿತಿ ಜೋಡಿಸಿಡುವ, ನಿಮ್ಮ ಫೋನಿನಲ್ಲೂ ಇರುವ ಸಾಫ್ಟ್‌ವೇರ್ ಅದು. ಜನರ ಕೈ ಸೇರುವ ಮೊದಲೇ ಆ ದೋಷ ಸರಿಯಾಯಿತು.

ಹಾಗಾದರೆ ಲಾಭ ಯಾರಿಗೆ? ದಾಳಿ ಮಾಡುವವರಿಗಾ, ತಡೆಯುವವರಿಗಾ?

ದೋಷ ಹುಡುಕುವ ವೇಗ ಇಬ್ಬರಿಗೂ ಸಿಗುತ್ತದೆ. ವ್ಯತ್ಯಾಸ ಆಮೇಲೆ ಬರುತ್ತದೆ. ದಾಳಿಕೋರ ದೋಷ ಸಿಕ್ಕ ದಿನವೇ ಬಳಸಬಹುದು. ತಡೆಯುವವನು ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಬರೆಯಬೇಕು, ಪರೀಕ್ಷಿಸಬೇಕು, ಎಲ್ಲರಿಗೂ ತಲುಪಿಸಬೇಕು, ಅವರು ಅದನ್ನು ಹಾಕಿಕೊಳ್ಳಬೇಕು. ದೊಡ್ಡ ಕ್ಲೌಡ್ ಕಂಪನಿಗಳಲ್ಲಿ ಇದು ಗಂಟೆಗಳ ಕೆಲಸ. ನೀರು ಶುದ್ಧೀಕರಿಸುವ ಘಟಕದಲ್ಲಿ ಇಪ್ಪತ್ತು ವರ್ಷದಿಂದ ಓಡುತ್ತಿರುವ, ಯಂತ್ರಗಳನ್ನು ನಡೆಸುವ ಕಂಟ್ರೋಲರ್ ಇದ್ದರೆ? ಅದನ್ನು ನಿಲ್ಲಿಸಿದರೆ ಊರಿಗೆ ನೀರಿಲ್ಲ. ನಿಲ್ಲಿಸದೆ ಪ್ಯಾಚ್ ಹಾಕಲು ಆಗುವುದಿಲ್ಲ. ಕೆಲವಕ್ಕಂತೂ ಪ್ಯಾಚ್ ಬರೆಯುವ ಕಂಪನಿಯೇ ಈಗ ಇಲ್ಲ.

ಹಾಗಾಗಿ ದುಡ್ಡಿರುವವರ ರಕ್ಷಣೆ ಗಟ್ಟಿಯಾಗುತ್ತದೆ, ಆಸ್ಪತ್ರೆ, ನೀರು, ವಿದ್ಯುತ್ ಹಿಂದೆ ಬೀಳುತ್ತವೆ ಎಂಬುದು ನನ್ನ ಆತಂಕ. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2024ರ ಜನವರಿಯಲ್ಲೇ ಹೇಳಿತ್ತು: ಮುಂದಿನ ಎರಡು ವರ್ಷದಲ್ಲಿ ಎಐಯಿಂದ ದಾಳಿಗಳ ಸಂಖ್ಯೆಯೂ ಪರಿಣಾಮವೂ ಹೆಚ್ಚುವುದು ಹೆಚ್ಚುಕಡಿಮೆ ಖಚಿತ.

ದಾಳಿ ಯಾರು ಮಾಡಿದರು ಅಂತ ಹೇಗೆ ಗೊತ್ತಾಗುತ್ತದೆ?

ಅಭ್ಯಾಸಗಳಿಂದ. ಕೋಡ್ ಬರೆಯುವ ಶೈಲಿ, ಬಳಸಿದ ಸರ್ವರ್, ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಾರೆ, ಯಾವ ಹಬ್ಬಕ್ಕೆ ರಜೆ ಹಾಕುತ್ತಾರೆ, ಇಂಥವುಗಳಿಂದ. ಆದರೆ ಇವನ್ನು ನಕಲು ಮಾಡಬಹುದು. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ಅಲ್ಲಿನ ಕಂಪ್ಯೂಟರ್ ಜಾಲ ಕುಸಿಯಿತು. ಆ ಮಾಲ್‌ವೇರಿನಲ್ಲಿ ಉತ್ತರ ಕೊರಿಯಾದ ಗುಂಪಿನ ಗುರುತುಗಳಿದ್ದವು. ಬೇಕಂತಲೇ ಇಟ್ಟಿದ್ದ ಗುರುತುಗಳು ಅವು. 2020ರಲ್ಲಿ ಅಮೆರಿಕ ಆರೋಪ ಹೊರಿಸಿದ್ದು ರಷ್ಯಾದ ಸೇನಾ ಗುಪ್ತಚರ ವಿಭಾಗದ ಅಧಿಕಾರಿಗಳ ಮೇಲೆ.

ಇನ್ನೊಬ್ಬರ ಶೈಲಿಯಲ್ಲಿ ಬರೆಯುವುದು ಎಐಗೆ ಎಡಗೈ ಕೆಲಸ. ಸತ್ಯ ಗೊತ್ತಾಗಲು ತಿಂಗಳು ಬೇಕು, ಸಿಟ್ಟು ಬರಲು ಒಂದು ಗಂಟೆ ಸಾಕು. ಅಪಾಯ ಇರುವುದು ಈ ಅಂತರದಲ್ಲಿ.

ಡೀಪ್‌ಫೇಕ್‌ನಿಂದ ಯುದ್ಧ ಶುರುವಾಗಬಹುದಾ?

ಡೀಪ್‌ಫೇಕ್ ಅಂದರೆ ಎಐ ತಯಾರಿಸಿದ ನಕಲಿ ವಿಡಿಯೋ ಅಥವಾ ದನಿ. ಒಂದೇ ವಿಡಿಯೋದಿಂದ ಯುದ್ಧ ಆಗುವುದು ಕಷ್ಟ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಶಸ್ತ್ರ ಕೆಳಗಿಡಿ ಎಂದು ಸೈನಿಕರಿಗೆ ಹೇಳುವ ನಕಲಿ ವಿಡಿಯೋ ಬಂತು. ತಲೆಗೂ ಮೈಗೂ ಹೊಂದಾಣಿಕೆ ಇರಲಿಲ್ಲ, ಹೆಚ್ಚು ಜನ ನಂಬಲಿಲ್ಲ. ಇಂಥದ್ದು ಬರಬಹುದು ಎಂದು ಉಕ್ರೇನ್ ಮುಂಚೆಯೇ ಜನರಿಗೆ ಹೇಳಿಟ್ಟಿತ್ತು, ಅಧ್ಯಕ್ಷರೂ ಕೂಡಲೇ ನಿಜವಾದ ವಿಡಿಯೋ ಹಾಕಿದರು. ಈಗಿನ ನಕಲಿಗಳು ಅಷ್ಟು ಒರಟಾಗಿಲ್ಲ. ಕರೆಂಟ್ ಹೋಗಿ, ಕರೆ ಸಿಗದೆ, ಜನ ಗಾಬರಿಯಲ್ಲಿರುವ ಹೊತ್ತಿಗೇ ಇಂಥ ವಿಡಿಯೋ ಬಂದರೆ ಅದನ್ನು ಅಲ್ಲಗಳೆಯಲು ಯಾವ ದಾರಿಯೂ ಉಳಿದಿರುವುದಿಲ್ಲ.

ನಿರ್ಧಾರವನ್ನೂ ಯಂತ್ರಕ್ಕೇ ಬಿಟ್ಟರೆ ಏನಾಗುತ್ತದೆ?

ಈ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ.

ಬಿಡಬೇಕು ಎನ್ನುವವರ ವಾದ ಸುಳ್ಳಲ್ಲ. ದಾಳಿ ಯಂತ್ರದ ವೇಗದಲ್ಲಿ ಬಂದರೆ ಮನುಷ್ಯ ಎದ್ದು ಫೋನ್ ಎತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೋಂಕು ತಗುಲಿದ ಕಂಪ್ಯೂಟರನ್ನು ಜಾಲದಿಂದ ಬೇರೆ ಮಾಡುವುದನ್ನು ಯಂತ್ರಕ್ಕೇ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಹಾಕಿಕೊಳ್ಳುವುದು ಬೇರೆ, ಎದುರಿನವನ ಮನೆಗೆ ಕಲ್ಲು ಹೊಡೆಯುವುದು ಬೇರೆ. ಎರಡನೆಯದು ಮನುಷ್ಯನ ಕೈಯಲ್ಲೇ ಇರಬೇಕು.

1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಒಕ್ಕೂಟದ ಎಚ್ಚರಿಕೆ ವ್ಯವಸ್ಥೆ ಅಮೆರಿಕದಿಂದ ಕ್ಷಿಪಣಿ ಹೊರಟಿದೆ ಎಂದಿತು. ಮೊದಲು ಒಂದು, ಆಮೇಲೆ ಇನ್ನೂ ನಾಲ್ಕು. ಪಾಳಿಯಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್. ನಿಜವಾದ ದಾಳಿಯಾದರೆ ಬರೀ ಐದು ಕ್ಷಿಪಣಿ ಯಾಕೆ ಕಳಿಸುತ್ತಾರೆ ಎಂದು ಯೋಚಿಸಿ, ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಕೊಟ್ಟರು. ಅವರು ಹೇಳಿದ್ದೇ ಸರಿಯಾಗಿತ್ತು. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತು. ಪೆಟ್ರೋವ್‌ಗೆ ಸಿಕ್ಕಿದ್ದು ಕೆಲವೇ ನಿಮಿಷ. ಆ ನಿಮಿಷಗಳೇ ಇಲ್ಲದಿದ್ದರೆ?

ಯಂತ್ರ ಯಂತ್ರಗಳು ಒಂದಕ್ಕೊಂದು ಉತ್ತರ ಕೊಡುತ್ತಾ ಹೋದರೆ ಏನಾಗುತ್ತದೆ ಎಂಬುದನ್ನು ಷೇರುಪೇಟೆ ತೋರಿಸಿಕೊಟ್ಟಿದೆ. 2010ರ ಮೇ 6ರಂದು ಅಮೆರಿಕದ ಡೌ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ ಕುಸಿಯಿತು, ದಿನದ ಲೆಕ್ಕದಲ್ಲಿ ಸುಮಾರು 1,000 ಅಂಕ. ಒಂದು ದೊಡ್ಡ ಮಾರಾಟಕ್ಕೆ ಪ್ರತಿಯಾಗಿ ಸ್ವಯಂಚಾಲಿತ ಪ್ರೋಗ್ರಾಂಗಳು ಮಾರಿದವು, ಅದಕ್ಕೆ ಪ್ರತಿಯಾಗಿ ಮತ್ತಷ್ಟು ಮಾರಿದವು. ಕೊನೆಗೆ ಶಿಕಾಗೋದ ಎಕ್ಸ್‌ಚೇಂಜಿನಲ್ಲಿ ವಹಿವಾಟು 5 ಸೆಕೆಂಡ್ ನಿಂತಿತು. ಬರೀ ಐದು ಸೆಕೆಂಡ್. ಮತ್ತೆ ಶುರುವಾದಾಗ ಬೆಲೆ ಏರತೊಡಗಿತು. ಮುಂಚೆಯೇ ಯೋಚಿಸಿ ಇಟ್ಟಿದ್ದ ತಡೆ ಅದು. ಎರಡು ದೇಶಗಳ ಸೈಬರ್ ವ್ಯವಸ್ಥೆಗಳ ನಡುವೆ ಅಂಥ ತಡೆಯನ್ನು ಯಾರೂ ಇಟ್ಟಿಲ್ಲ.

2024ರ ನವೆಂಬರ್‌ನಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಒಂದು ಮಾತಿಗೆ ಬಂದರು: ಅಣ್ವಸ್ತ್ರ ಬಳಸುವ ನಿರ್ಧಾರ ಮನುಷ್ಯರ ಹತೋಟಿಯಲ್ಲೇ ಇರಬೇಕು. ಸೈಬರ್ ಅಸ್ತ್ರಗಳ ವಿಷಯದಲ್ಲೂ ಇಂಥದ್ದೊಂದು ಮಾತು ಆಗಬೇಕು.

ಗುರಿ ತಪ್ಪಿ ಬೇರೆಯವರಿಗೆ ಬಿದ್ದರೆ?

ಬಿದ್ದಿದೆ. 2017ರ ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಮೂಲಕ ಬಿಟ್ಟ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಅವತ್ತೇ ಪ್ರಪಂಚ ಸುತ್ತಿತು. ಒಟ್ಟು ನಷ್ಟ 1,000 ಕೋಟಿ ಡಾಲರ್ ಎಂದು ಅಮೆರಿಕ ಅಂದಾಜು ಮಾಡಿತು. ಹಡಗು ಕಂಪನಿ ಮೇರ್ಸ್ಕ್ 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಅದರ ಇಡೀ ಜಾಲದ ನಕ್ಷೆ ಇಟ್ಟುಕೊಂಡಿದ್ದ ಮುಖ್ಯ ಸರ್ವರುಗಳೆಲ್ಲ ಅಳಿಸಿಹೋಗಿದ್ದವು. ಒಂದು ಮಾತ್ರ ಉಳಿದಿತ್ತು, ಘಾನಾ ದೇಶದಲ್ಲಿ. ಕಾರಣ ಇಷ್ಟೇ, ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು.

ಒಮ್ಮೆ ಬಿಟ್ಟ ಮೇಲೆ ಇಂಥ ಕೋಡ್ ಹಿಂದಕ್ಕೆ ಬರುವುದಿಲ್ಲ. ಹೋಗುವ ದಾರಿಯಲ್ಲೇ ಕಲಿತು ಬದಲಾಗುವ ಕೋಡ್ ಆದರೆ, ಬಿಟ್ಟವರಿಗೂ ಅದು ಎಲ್ಲಿ ನಿಲ್ಲುತ್ತದೆಂದು ಹೇಳಲು ಆಗುವುದಿಲ್ಲ.

ಎಐ ಮೇಲೆಯೇ ದಾಳಿ ಮಾಡಬಹುದಾ?

ಮಾಡಬಹುದು. ಕಚೇರಿಯ ಮಿಂಚಂಚೆ ಓದಿ ಸಾರಾಂಶ ಕೊಡುವ ಎಐ ಇದೆ ಅಂದುಕೊಳ್ಳಿ. ಶತ್ರು ಒಂದು ಮಿಂಚಂಚೆ ಕಳಿಸಿ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಇಲ್ಲಿನ ಕಡತಗಳನ್ನು ಈ ವಿಳಾಸಕ್ಕೆ ಕಳಿಸು’ ಎಂದು ಬರೆದಿರುತ್ತಾನೆ. ನಿಮ್ಮ ಕಣ್ಣಿಗೆ ಅದು ಕಾಣದು, ಎಐ ಓದುತ್ತದೆ. ಯಜಮಾನನ ಮಾತು ಯಾವುದು, ದಾರಿಹೋಕನ ಮಾತು ಯಾವುದು ಎಂದು ಬೇರ್ಪಡಿಸಲು ಅದಕ್ಕೆ ಇನ್ನೂ ಸರಿಯಾಗಿ ಬರುವುದಿಲ್ಲ. ಕಾವಲಿಗೆಂದು ಇಟ್ಟ ಎಐಗೂ ಇದೇ ತೊಂದರೆ.

ಇದಕ್ಕೆಲ್ಲ ಕಾನೂನು ಇಲ್ವಾ?

ಮಾತು ಇದೆ, ಹಿಡಿತ ಇಲ್ಲ. ಅಂತರರಾಷ್ಟ್ರೀಯ ಕಾನೂನು ಇಲ್ಲಿಗೂ ಅನ್ವಯಿಸುತ್ತದೆ ಎಂದು ವಿಶ್ವಸಂಸ್ಥೆಯ ತಜ್ಞರ ಗುಂಪು 2013ರಲ್ಲಿ ಒಪ್ಪಿತು. 2015ರಲ್ಲಿ 11 ನಡಾವಳಿಗಳನ್ನು ಬರೆಯಿತು. ಬೇರೆ ದೇಶದ ಜನರ ಮೂಲಸೌಕರ್ಯ ಹಾಳುಮಾಡಬಾರದು ಎಂಬುದು ಅವುಗಳಲ್ಲೊಂದು. ಅದನ್ನು ಬರೆದ ವರ್ಷವೇ ಉಕ್ರೇನಿನ ಆ ಮೌಸ್ ಬಾಣ ಓಡಾಡಿದ್ದು. ಇವೆಲ್ಲ ಸ್ವಯಂಪ್ರೇರಿತ, ಮುರಿದರೆ ಶಿಕ್ಷೆ ಇಲ್ಲ.

ಹಾಗೆಂದು ಇವು ಉಪಯೋಗವಿಲ್ಲ ಎನ್ನಲಾರೆ. 2022ರಲ್ಲಿ ಅಲ್ಬೇನಿಯಾ ತನ್ನ ಸರ್ಕಾರಿ ಜಾಲದ ಮೇಲಿನ ದಾಳಿಗೆ ಇರಾನನ್ನು ಹೊಣೆ ಮಾಡಿ, ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಪುಟ್ಟ ದೇಶವೂ ಬಾಯಿಬಿಟ್ಟು ಹೇಳಬಹುದು, ಇದು ತಪ್ಪು ಎಂದು. ಹಾಗೆ ಹೇಳಲು ಎಲ್ಲರೂ ಒಪ್ಪಿದ ಒಂದು ಗೆರೆ ಇರಬೇಕಲ್ಲ.

ನಾನು ಸಾಮಾನ್ಯ ಮನುಷ್ಯ. ನನಗೇನು ಕೆಲಸ?

ಅಪ್‌ಡೇಟ್ ಮುಂದೂಡಬೇಡಿ. ಎರಡು ಹಂತದ ಲಾಗಿನ್ ಇಟ್ಟುಕೊಳ್ಳಿ. ಪರಿಚಿತ ದನಿಯೇ ಫೋನಿನಲ್ಲಿ ಅವಸರ ಮಾಡಿದರೂ, ಇಟ್ಟು ನೀವೇ ತಿರುಗಿ ಕರೆ ಮಾಡಿ. ನಿಮ್ಮ ಮನೆಯ ರೂಟರ್ ಹಳೆಯದಾಗಿದ್ದರೆ ಬದಲಾಯಿಸಿ. ವೋಲ್ಟ್ ಟೈಫೂನ್ ಅಡಗಿ ಓಡಾಡಲು ಬಳಸಿದ್ದು ಮನೆ ಮತ್ತು ಸಣ್ಣ ಕಚೇರಿಗಳ ಹಳೆಯ ರೂಟರುಗಳನ್ನೇ.

ಒಂದು ದೇಶ ಮೊದಲು ಮಾಡಬೇಕಾದ ಕೆಲಸ ಒಂದೇ ಒಂದು ಹೇಳಿ ಅಂದರೆ?

ಕೈಯಿಂದ ನಡೆಸುವುದನ್ನು ಮರೆಯಬಾರದು. ಉಕ್ರೇನಿನಲ್ಲಿ ಅವತ್ತು ರಾತ್ರಿ ದೀಪ ಹತ್ತಿದ್ದು ಹಳೆಯ ಸ್ವಿಚ್ಚುಗಳು ಇನ್ನೂ ಅಲ್ಲಿದ್ದವು, ಅವನ್ನು ಬಲ್ಲ ಕೈಗಳೂ ಇದ್ದವು ಎಂಬ ಕಾರಣಕ್ಕೆ. ಪೂರ್ತಿ ಸ್ವಯಂಚಾಲಿತ ಮಾಡಿಕೊಂಡ ಜಾಲವಾಗಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ.

2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋ ಮೇಲೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಮಾಲ್‌ವೇರ್) ದಾಳಿಯಾಯಿತು. ಅದು ಯಾವ ದೇಶದ್ದೂ ಅಲ್ಲ, ದುಡ್ಡಿಗಾಗಿ ಮಾಡಿದ್ದು. ಕಂಪನಿ ಒಂದು ಪೈಸೆಯನ್ನೂ ಕೊಡಲಿಲ್ಲ. ಕಂಪ್ಯೂಟರ್ ಹಚ್ಚಬೇಡಿ ಎಂದು ಕಾಗದದ ಚೀಟಿ ಬಾಗಿಲಿಗೆ ಅಂಟಿಸಿದರು. ಆರ್ಡರುಗಳನ್ನು ಕಾಗದದಲ್ಲಿ ನೋಡಿಕೊಂಡು ಯಂತ್ರಗಳನ್ನು ಕೈಯಿಂದ ಓಡಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದೆವು ಎಂದು ಬಲ್ಲ ನಿವೃತ್ತ ನೌಕರರೂ ಬಂದು ಕೈ ಜೋಡಿಸಿದರು.

ಇನ್ನು ಇಪ್ಪತ್ತು ವರ್ಷಕ್ಕೆ ಹಾಗೆ ಕರೆಸಲು ಯಾರೂ ಇರುವುದಿಲ್ಲ. ಆದ್ದರಿಂದ ಈಗಲೇ ಕಲಿಸಬೇಕು. ವಿದ್ಯುತ್, ನೀರು, ಆಸ್ಪತ್ರೆ ನಡೆಸುವ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ದಿನ, ಜನರಿಗೆ ತೊಂದರೆಯಾಗದ ಹಾಗೆ ನೋಡಿಕೊಂಡು, ಪರದೆಗಳನ್ನು ಆರಿಸಿ ಕೆಲಸ ಮಾಡಿ ನೋಡಲಿ. ಹೊಸದಾಗಿ ಸೇರಿದವರನ್ನೇ ಮುಂದೆ ನಿಲ್ಲಿಸಲಿ. ಎಲ್ಲ ಸರಿಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಲಿ, ಮುಂದಿನ ವರ್ಷ ಆ ಪುಟ ತೆಗೆದು ಹೋಲಿಸಿ ನೋಡಲಿ.